ನಂದು, ನಿಂದು, ಅಕ್ಕನ ಪಾಲು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯ ಯಾವ ಊರಿಗಾದರೂ ಸಂಜೆ ಹೊತ್ತಿಗೆ ಹೋಗಿ. ಡೇರಿಗೆ ಹಾಲು ಹಾಕಿ ಬಂದವರು ಕ್ಯಾನು ತೊಳೆಯುತ್ತಿರುತ್ತಾರೆ. ರೇಷ್ಮೆ ಹುಳು ಮನೆಯಲ್ಲಿ ಕೊನೆಯ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಜಗುಲಿಯವರೆಗೂ ಕೇಳುತ್ತಿರುತ್ತದೆ. ಆ ಜಗುಲಿಯ ಮೇಲೆ ಆರು ವರ್ಷದ ಅಕ್ಕ, ಮೂರು ವರ್ಷದ ತಮ್ಮ. ಇಬ್ಬರ ನಡುವೆ ಅಂಗಡಿಯಿಂದ ತಂದ ಒಂದೇ ಒಂದು ಕಡ್ಲೆ ಮಿಠಾಯಿ.

ಅಕ್ಕ ಅದನ್ನು ಲಂಗದ ಅಂಚಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದಲೇ ಹಲ್ಲಿನಲ್ಲಿ ಕಡಿದು ಎರಡು ಮಾಡುತ್ತಾಳೆ. ಕಾಗೆ ಎಂಜಲು. ಬಟ್ಟೆ ಬಿಚ್ಚಿದರೆ ಒಂದು ಚೂರು ದೊಡ್ಡದು, ಒಂದು ಚಿಕ್ಕದು. ತಮ್ಮನ ಬೆರಳು ನೇರ ದೊಡ್ಡದರ ಕಡೆಗೆ. ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಅವನು ಬಾಯಿ ತೆಗೆಯುತ್ತಾನೆ. ಒಳಗೆ ಸೊಪ್ಪು ಹಾಕುತ್ತಿರುವ ಅಮ್ಮ ತಲೆ ಎತ್ತದೆಯೇ ಕೂಗುತ್ತಾಳೆ: ‘ನೀನು ದೊಡ್ಡೋಳಲ್ವೇನೇ, ಬಿಟ್ಕೊಡು!’

ಅಕ್ಕ ಬಿಟ್ಟುಕೊಡುತ್ತಾಳೆ. ಅಳು ನಿಲ್ಲುತ್ತದೆ, ಕೆಲಸ ಮುಂದುವರಿಯುತ್ತದೆ. ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ನಡೆಯುವ ಈ ಎರಡು ನಿಮಿಷದಲ್ಲಿ ಮಕ್ಕಳು ಹಂಚಿಕೊಳ್ಳುವುದನ್ನು ಕಲಿತರು ಎಂದು ನಾವು ನಂಬಿದ್ದೇವೆ. ತಮ್ಮ ಕಲಿತದ್ದು ಅತ್ತರೆ ಸಿಗುತ್ತದೆ ಎಂಬುದನ್ನು, ಅಕ್ಕ ಕಲಿತದ್ದು ದೊಡ್ಡವಳಾದ ತಪ್ಪಿಗೆ ಕಳೆದುಕೊಳ್ಳಬೇಕು ಎಂಬುದನ್ನು. ಹಂಚಿಕೊಳ್ಳುವುದನ್ನು ಇಬ್ಬರೂ ಕಲಿಯಲಿಲ್ಲ. ಹಾಗಾದರೆ ಮಕ್ಕಳು ಅದನ್ನು ಕಲಿಯುವುದು ಯಾವಾಗ, ಹೇಗೆ?

‘ನಂದು’ ಎನ್ನುವ ವಯಸ್ಸು

ಒಂದೂವರೆ ವರ್ಷದ ಕೂಸು ತಾನು ಚೀಪುತ್ತಿದ್ದ ಬಿಸ್ಕತ್ತನ್ನು ತೆಗೆದು ಅಜ್ಜಿಯ ಬಾಯಿಗೆ ಇಡುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಬರಿಯ ಆಟವಲ್ಲ. ಕೆನಡಾದಲ್ಲಿ ಲಾರಾ ಅಕ್ನಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷ ತುಂಬದ ಮಕ್ಕಳ ಮುಖಭಾವವನ್ನು ಗಮನಿಸಿದ್ದರು. ತಿಂಡಿ ಸಿಕ್ಕಾಗಿನದಕ್ಕಿಂತ ಅದನ್ನು ಗೊಂಬೆಯೊಂದಕ್ಕೆ ಕೊಡುವಾಗ, ಅದರಲ್ಲೂ ತಮ್ಮ ಬಟ್ಟಲಿನಿಂದಲೇ ತೆಗೆದು ಕೊಡುವಾಗ, ಮಕ್ಕಳು ಹೆಚ್ಚು ಖುಷಿಯಾಗಿದ್ದರು.

ಅದೇ ಕೂಸು ಎರಡು ವರ್ಷ ದಾಟುತ್ತಿದ್ದಂತೆ ಎಲ್ಲದಕ್ಕೂ ‘ನಂದು’ ಎನ್ನತೊಡಗುತ್ತದೆ. ಚೆಂಡು ನಂದು, ಚೊಂಬು ನಂದು, ಅಮ್ಮ ನಂದು. ಮನೆಯವರಿಗೆ ಗಾಬರಿ: ಇದ್ಯಾಕೆ ಹೀಗೆ ಜಿಪುಣನಾಯಿತು? ಜಿಪುಣತನವೇನೂ ಇಲ್ಲ. ನಾನು ಎಂಬುದೊಂದು ಇದೆ, ಉಳಿದವರು ಬೇರೆ ಎಂಬುದು ಆ ಮಗುವಿಗೆ ಆಗಷ್ಟೇ ಗೊತ್ತಾಗುತ್ತಿದೆ. ತನ್ನದು ಯಾವುದು ಎಂದು ತಿಳಿಯದ ಮಗುವಿಗೆ ತನ್ನದನ್ನು ಕೊಡುವುದು ಏನೆಂದೂ ತಿಳಿಯದು.

ಈ ವಯಸ್ಸಿಗೆ ಇನ್ನೊಂದು ತೊಡಕಿದೆ. ‘ಆಮೇಲೆ ಕೊಡ್ತಾಳೆ, ತಾಳು’ ಎಂದರೆ ಎರಡೂವರೆ ವರ್ಷದವನಿಗೆ ಆ ‘ಆಮೇಲೆ’ ಎಷ್ಟು ದೂರ ಎಂಬ ಅಂದಾಜೇ ಇಲ್ಲ. ಕೈಯಿಂದ ಹೋದದ್ದು ಹೋಯಿತು ಎಂದೇ ಅವನ ಲೆಕ್ಕ. ಆಗ ಅವನು ಅಳುವುದು ಹಟಕ್ಕಲ್ಲ, ನಿಜವಾದ ದುಃಖಕ್ಕೆ.

ಬಾಯಿಗೆ ಬರುತ್ತೆ, ಕೈಗೆ ಬರಲ್ಲ

ಮೂರು–ನಾಲ್ಕರ ಮಕ್ಕಳನ್ನು ಕೇಳಿ ನೋಡಿ, ‘ಸಮ ಸಮ ಹಂಚ್ಕೋಬೇಕು’ ಎಂದು ಪಟ್ಟನೆ ಹೇಳುತ್ತಾರೆ. ಹಂಚುವ ಹೊತ್ತಿಗೆ ತಮಗೇ ಹೆಚ್ಚು ಇಟ್ಟುಕೊಳ್ಳುತ್ತಾರೆ. ಕ್ರೇಗ್ ಸ್ಮಿತ್, ಪೀಟರ್ ಬ್ಲೇಕ್ ಮತ್ತು ಪಾಲ್ ಹ್ಯಾರಿಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸ್ಟಿಕ್ಕರ್ ಕೊಟ್ಟು ಇದನ್ನೇ ನೋಡಿದರು. ಸಮನಾಗಿ ಹಂಚಬೇಕು ಎಂದು ಎಲ್ಲ ವಯಸ್ಸಿನವರೂ ಹೇಳಿದರು; ಹೇಳಿದಂತೆ ಮಾಡಿದವರು ಏಳೆಂಟು ವರ್ಷದವರು.

ಇದಕ್ಕೂ ಐದು ವರ್ಷ ಮೊದಲು, 2008ರಲ್ಲಿ, ಅರ್ನ್ಸ್ಟ್ ಫೆಹರ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ 229 ಮಕ್ಕಳ ಮುಂದೆ ಮಿಠಾಯಿ ಇಟ್ಟಿದ್ದರು. ಎರಡನ್ನೂ ನೀನೇ ಇಟ್ಟುಕೋ, ಇಲ್ಲವೇ ಒಂದು ನಿನಗೆ, ಒಂದು ಇನ್ನೊಂದು ಮಗುವಿಗೆ. ಮೂರು–ನಾಲ್ಕು ವರ್ಷದವರಲ್ಲಿ ಹಂಚಲು ಒಪ್ಪಿದವರು ನೂರಕ್ಕೆ ಸುಮಾರು 9. ಏಳು–ಎಂಟು ವರ್ಷದವರಲ್ಲಿ 45. ಅಂದರೆ ಆ ವಯಸ್ಸಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನ್ನೂ ತಾವೇ ಇಟ್ಟುಕೊಂಡರು. ಮೂರು ವರ್ಷದ ಮಗು ಹಂಚುತ್ತಿಲ್ಲ ಎಂದು ಕೊರಗುವ ತಾಯಂದಿರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅದೇ ಅಧ್ಯಯನದಲ್ಲಿ ನಮ್ಮ ನಂಬಿಕೆಯನ್ನು ಅಲುಗಿಸುವ ಮಾತೊಂದಿದೆ. ಒಂಟಿ ಮಗು ಸ್ವಾರ್ಥಿಯಾಗುತ್ತದೆ, ಜೊತೆಗೊಬ್ಬರಿದ್ದರೆ ತಾನಾಗಿ ಹಂಚುವುದು ಕಲಿಯುತ್ತದೆ ಎನ್ನುತ್ತೇವಲ್ಲ, ಅಲ್ಲಿ ಒಡಹುಟ್ಟಿದವರಿಲ್ಲದ ಮಕ್ಕಳೇ ಹೆಚ್ಚು ಹಂಚಿದರು. ಕಡೆಯ ಮಕ್ಕಳು ಹಂಚಿದ್ದು ಕಡಿಮೆ. ಇದನ್ನು ಹಿಡಿದು ಎರಡನೆಯ ಮಗು ಬೇಡ ಎನ್ನಬೇಕಾಗಿಲ್ಲ. ಆದರೆ ಮನೆಯಲ್ಲಿ ಇಬ್ಬರಿದ್ದ ಮಾತ್ರಕ್ಕೆ ಹಂಚಿಕೆ ಬರುವುದಿಲ್ಲ ಎಂಬುದನ್ನಂತೂ ಒಪ್ಪಬೇಕು. ಇಬ್ಬರ ನಡುವೆ ದಿನವೂ ಏನು ನಡೆಯುತ್ತದೆ, ಹಿರಿಯರು ಅಲ್ಲಿ ಏನು ಹೇಳುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಅಷ್ಟೇ ಮುಖ್ಯವಾದ ಇನ್ನೊಂದು ವಿಷಯ ಎಣಿಕೆ. ಸಮ ಎಂದು ಹೇಳುವುದಕ್ಕೂ ಸಮ ಮಾಡುವುದಕ್ಕೂ ನಡುವೆ ಒಂದು, ಎರಡು, ಮೂರು ಇದೆ. ಎಣಿಸಲು ಚೆನ್ನಾಗಿ ಬರುವ ಮಕ್ಕಳು ಸಮನಾಗಿಯೂ ಹಂಚುತ್ತಾರೆ ಎಂದು ನಾದಿಯಾ ಚೆರ್ನ್ಯಾಕ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಬೇಯಿಸಿದ ಕಡಲೆಕಾಯಿಯನ್ನು ‘ನಿಂಗೊಂದು, ನಂಗೊಂದು’ ಎಂದು ಎರಡು ಗುಡ್ಡೆ ಹಾಕಿಸುವ ಅಜ್ಜಿಯಂದಿರು ಗಣಿತವನ್ನೂ ನ್ಯಾಯವನ್ನೂ ಒಟ್ಟಿಗೆ ಕಲಿಸುತ್ತಾ ಬಂದಿದ್ದಾರೆ. ಆಂಧ್ರದ ಗಡಿಗೆ ಹತ್ತಿರದ ಈ ಸೀಮೆಯಲ್ಲಿ ಒಂದು ಮನೆಯ ಮಕ್ಕಳು ಕನ್ನಡದಲ್ಲಿ ಎಣಿಸಿದರೆ ಪಕ್ಕದ ಮನೆಯವರು ತೆಲುಗಿನಲ್ಲಿ ಎಣಿಸುತ್ತಾರೆ. ಗುಡ್ಡೆ ಎರಡೂ ಕಡೆ ಸಮನಾಗಿಯೇ ಇರುತ್ತದೆ.

ಪಾಪು ಮನೆಗೆ ಬಂದಾಗ

ಹಂಚಿಕೆಯ ಮೊದಲ ಪಾಠ ಮಿಠಾಯಿಯಿಂದ ಶುರುವಾಗುವುದಿಲ್ಲ, ಅಮ್ಮನಿಂದ ಶುರುವಾಗುತ್ತದೆ.

ನಮ್ಮ ಕಡೆ ಹೆರಿಗೆಗೆ ತವರಿಗೆ ಹೋದವಳು ಬಾಣಂತನ ಮುಗಿಸಿ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಮೊದಲ ಮಗು ಒಂದೋ ಜೊತೆಗೆ ಹೋಗಿ ಅಲ್ಲಿ ಅಮ್ಮನ ಕೋಣೆಯ ಹೊರಗೆ ಮಲಗಿರುತ್ತದೆ, ಇಲ್ಲವೇ ಇಲ್ಲೇ ಅಜ್ಜಿಯ ಬಳಿ ಉಳಿದಿರುತ್ತದೆ. ನೋಡಲು ಬಂದವರು ತಮಾಷೆಗೆ ಹೇಳುವ ಮಾತೊಂದಿದೆ: ‘ಆಯ್ತು ಬಿಡು, ತಮ್ಮ ಬಂದ, ಇನ್ಮೇಲೆ ನಿನ್ನ ಯಾರು ಕೇಳ್ತಾರೆ?’ ಹೇಳಿದವರು ನಕ್ಕು ಮರೆಯುತ್ತಾರೆ. ನಾಲ್ಕು ವರ್ಷದ ಮಗು ಅದನ್ನು ಸುದ್ದಿ ಎಂದೇ ತಿಳಿಯುತ್ತದೆ. ಈ ಒಂದು ತಮಾಷೆಯನ್ನು ನಾವು ಬಿಟ್ಟರೆ ಎಷ್ಟೋ ಮಕ್ಕಳ ಎಷ್ಟೋ ರಾತ್ರಿಗಳು ಹಗುರವಾದಾವು.

ಬ್ರಿಟನ್ನಿನ ಜೂಡಿ ಡನ್ ಮತ್ತು ಕ್ಯಾರೊಲ್ ಕೆಂಡ್ರಿಕ್ ಕೇಂಬ್ರಿಡ್ಜಿನ 40 ಮನೆಗಳಲ್ಲಿ ಎರಡನೆಯ ಮಗು ಹುಟ್ಟುವ ಮುಂಚಿನಿಂದಲೇ ಹೋಗಿ ಕೂತು ನೋಡಿದರು. 1982ರಲ್ಲಿ ಅದರ ಬಗ್ಗೆ ಪುಸ್ತಕ ಬಂತು. ಕೆಲವು ತಾಯಂದಿರು ಕೂಸನ್ನು ಮೊದಲ ದಿನಗಳಿಂದಲೇ ಮನಸ್ಸುಳ್ಳ ಒಂದು ಜೀವ ಎಂಬಂತೆ ದೊಡ್ಡ ಮಗುವಿನ ಜೊತೆ ಮಾತಾಡುತ್ತಿದ್ದರು. ಯಾಕೆ ಅಳ್ತಿದೆ ಪಾಪು, ಹಸಿವೋ, ನಿದ್ದೆಯೋ, ನಿಂಗೇನನ್ಸುತ್ತೆ, ಎತ್ಕೊಳ್ಳೋಣವಾ ಎಂದು ಕೇಳುತ್ತಿದ್ದರು. ಅಂಥ ಮನೆಗಳಲ್ಲಿ ಒಂದು ವರ್ಷದ ಮೇಲೂ ದೊಡ್ಡ ಮಗು ಚಿಕ್ಕದರ ಜೊತೆ ಹೆಚ್ಚು ಅಕ್ಕರೆಯಿಂದ ಇತ್ತು, ಚಿಕ್ಕದೂ ಅಷ್ಟೇ ಅಕ್ಕರೆ ತೋರಿತು. ಇದಕ್ಕೆ ದುಡ್ಡು ಬೇಡ, ಓದು ಬೇಡ, ಬೇರೆ ಸಮಯವೂ ಬೇಡ. ಬಾಣಂತಿಗೆ ನೀರು ಹಾಕುವ ಅಜ್ಜಿಯೂ ಈ ಮಾತನ್ನು ಆಡಬಹುದು.

ಕೊಡಿಸಿದ್ದು, ಕೊಟ್ಟದ್ದು

ಈಗ ಜಗಳಕ್ಕೆ ಬರೋಣ. ಮಗುವಿನ ಕೈಯಿಂದ ಕಿತ್ತು ಇನ್ನೊಂದಕ್ಕೆ ಕೊಟ್ಟರೆ ಮುಂದಿನ ಸಲ ಅದು ತಾನಾಗಿ ಕೊಡುತ್ತದೆಯೇ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಾದಿಯಾ ಚೆರ್ನ್ಯಾಕ್ ಮತ್ತು ಟಮಾರ್ ಕುಷ್ನಿರ್ ಮೂರು–ನಾಲ್ಕು ವರ್ಷದ ಮಕ್ಕಳಿಗೆ ಬೇಸರದಲ್ಲಿದ್ದ ಒಂದು ನಾಯಿಗೊಂಬೆಯನ್ನು ತೋರಿಸಿದರು. ಕೆಲವರಿಗೆ, ಸ್ಟಿಕ್ಕರನ್ನು ಇಟ್ಟುಕೋ ಅಥವಾ ಇದಕ್ಕೆ ಕೊಡು, ನಿನ್ನ ಇಷ್ಟ ಎಂದರು. ಇನ್ನು ಕೆಲವರಿಗೆ, ಕೊಡಲೇಬೇಕು ಎಂದರು. ಆಮೇಲೆ ಬೇರೊಂದು ಗೊಂಬೆ ಬಂತು. ಆ ಹೊಸ ಗೊಂಬೆಗೆ ಹೆಚ್ಚು ಕೊಟ್ಟವರು, ಮೊದಲ ಸಲ ತಾವೇ ಇಷ್ಟಪಟ್ಟು ಕೊಟ್ಟಿದ್ದ ಮಕ್ಕಳು. 2013ರ ಈ ಅಧ್ಯಯನ ನಮ್ಮ ಜಗುಲಿಗೂ ಅನ್ವಯಿಸುತ್ತದೆ ಎಂದೇ ನನ್ನ ನಂಬಿಕೆ. ತಾನೇ ಕೊಟ್ಟ ಮಗು ತನ್ನನ್ನು ‘ಕೊಡುವವಳು’ ಎಂದುಕೊಳ್ಳುತ್ತದೆ. ಕಿತ್ತುಕೊಂಡಾಗ ಆ ಭಾವನೆಗೆ ಜಾಗವೇ ಇಲ್ಲ.

ಹಾಗೆಂದು ಸುಮ್ಮನೆ ಕೂರಬೇಕೇ? ರೇಷ್ಮೆ ಮನೆಯ ತಾಯಿಗೆ ಇದನ್ನು ಉಪದೇಶ ಮಾಡುವುದು ಸುಲಭವಲ್ಲ ಎಂಬುದೂ ಗೊತ್ತಿದೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗುವವರೆಗಿನ ಏಳೆಂಟು ದಿನದಲ್ಲೇ ಇಡೀ ಬೆಳೆಯ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಸೊಪ್ಪು ಖರ್ಚಾಗುತ್ತದೆ. ಆಮೇಲೆ ಗೂಡು ಕಟ್ಟಲು ಹುಳುಗಳನ್ನು ಚಂದ್ರಿಕೆಗೆ ಬಿಡುವ ಅವಸರ, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವ ಅವಸರ. ಆ ದಿನಗಳಲ್ಲಿ ಚಿಕ್ಕವನ ಜವಾಬ್ದಾರಿ ಪೂರ್ತಿ ಆರು ವರ್ಷದ ಅಕ್ಕನ ಸೊಂಟದ ಮೇಲೆ. ಜಗಳ ಬಿಡಿಸಲು ಯಾರಿಗೂ ಪುರುಸೊತ್ತಿಲ್ಲ, ‘ಬಿಟ್ಕೊಡು’ ಎಂಬ ಒಂದೇ ಮಾತು ಸಾಕಾಗುತ್ತದೆ. ಆ ತಾಯಿಯನ್ನು ದೂರಲಾರೆ. ಅಷ್ಟೇ ಹೊತ್ತು ಹಿಡಿಯುವ ಬೇರೆ ಮಾತೂ ಇದೆ ಎಂದಷ್ಟೇ ಹೇಳಬಲ್ಲೆ: ‘ಅದು ಅಕ್ಕನ ಕೈಯಲ್ಲಿದೆ. ಅವಳದು ಮುಗಿದ ಮೇಲೆ ನಿಂದು.’

ಸರದಿ ಎಂಬುದನ್ನು ಚಿಕ್ಕ ಮಕ್ಕಳಿಗೆ ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಮಾಡಬೇಕು. ಸೀರೆ ಜೋಕಾಲಿಯಲ್ಲಿ ಇಪ್ಪತ್ತು ತೂಗು ಅವಳಿಗೆ, ಇಪ್ಪತ್ತು ಇವನಿಗೆ. ಎಣಿಸುವವನು ಕಾಯುತ್ತಿರುವವನೇ ಆದರೆ ಕಾಯುವುದೂ ಆಟವಾಗುತ್ತದೆ. ಒಂದೇ ವಸ್ತುವನ್ನು ಎರಡು ಮಾಡಬೇಕಾದರೆ ಒಬ್ಬರು ಮುರಿಯುವುದು, ಇನ್ನೊಬ್ಬರು ಆರಿಸಿಕೊಳ್ಳುವುದು. ಮುರಿಯುವ ಕೈ ಎಷ್ಟು ಜಾಗರೂಕವಾಗುತ್ತದೆ ಎಂದು ನೋಡಬೇಕು.

ಎಲ್ಲವನ್ನೂ ಹಂಚಬೇಕಿಲ್ಲ

ಹಂಚಿಕೊಳ್ಳದೆ ಇರುವ ಹಕ್ಕು ಇದ್ದರೆ ಹಂಚಿಕೊಳ್ಳುವುದು ಸುಲಭವಾಗುತ್ತದೆ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಹಿಲ್ಡಿ ರಾಸ್ ಎರಡು ಮತ್ತು ನಾಲ್ಕು ವರ್ಷದ ಒಡಹುಟ್ಟಿದವರ ವಸ್ತುಜಗಳಗಳನ್ನು ಅವರವರ ಮನೆಯಲ್ಲೇ ಗಮನಿಸಿ 1996ರಲ್ಲಿ ಬರೆದರು. ಮಕ್ಕಳು ಬಾಯಿಗೆ ಬಂದಂತೆ ಕಿರುಚಾಡುತ್ತಿರಲಿಲ್ಲ. ‘ಇದು ನಂದು’, ‘ನಾನು ಮೊದಲು ತಗೊಂಡಿದ್ದು’ ಎಂದು ಕಾರಣ ಕೊಡುತ್ತಿದ್ದರು, ಮತ್ತು ವಸ್ತು ಯಾರದ್ದೋ ಅವರ ಮಾತಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು. ಆ ನಿಯಮವನ್ನು ಅಷ್ಟು ಗಟ್ಟಿಯಾಗಿ ಪಾಲಿಸದವರು ತಂದೆತಾಯಿಗಳು. ಅವರಿಗೆ ಒಮ್ಮೆ ಒಡೆತನ ಮುಖ್ಯ, ಇನ್ನೊಮ್ಮೆ ಅಳು ನಿಲ್ಲುವುದು ಮುಖ್ಯ.

ಎರಡು ಕೋಣೆಯ ಮನೆಯಲ್ಲಿ ಪ್ರತಿ ಮಗುವಿಗೂ ಬೇರೆ ಬೀರು ಸಾಧ್ಯವಿಲ್ಲ. ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಸಾಧ್ಯ. ಅಕ್ಕನ ಬಳೆಚೂರು, ಬಣ್ಣದ ಕಡ್ಡಿ, ಜಾತ್ರೆಯಲ್ಲಿ ಕೊಂಡ ಪೀಪಿ ಅದರಲ್ಲಿರಲಿ. ಅವಳನ್ನು ಕೇಳದೆ ಯಾರೂ ಅದನ್ನು ತೆಗೆಯಬಾರದು, ತಮ್ಮನೂ, ಅಪ್ಪನೂ. ಡಬ್ಬಿ ತನ್ನದೇ ಎಂಬ ಧೈರ್ಯ ಬಂದ ಮಗು ಎಷ್ಟೋ ಸಲ ತಾನೇ ಅದನ್ನು ತೆರೆದು ಎದುರಿಗೆ ಹರಡುತ್ತದೆ.

ಈಗಿನ ದೊಡ್ಡ ಜಗಳ ಅಪ್ಪನ ಮೊಬೈಲಿನದು. ಅದನ್ನು ಎರಡು ತುಂಡು ಮಾಡಲಾಗದು, ಅದರಲ್ಲಿ ಒಂದು ವಿಡಿಯೊ ಮುಗಿದರೆ ಇನ್ನೊಂದು ತಾನಾಗಿ ಶುರುವಾಗುತ್ತದೆ. ಸರದಿ ಎಲ್ಲಿ ಮುಗಿಯಿತೆಂದು ಮಗುವಿಗೆ ಕಾಣುವುದೇ ಇಲ್ಲ. ಅದು ಅಪ್ಪನ ವಸ್ತು, ಹಿಂದಕ್ಕೆ ತೆಗೆದುಕೊಳ್ಳಬೇಕಾದವರು ಅಪ್ಪನೇ. ಅದರ ನ್ಯಾಯ ತೀರಿಸುವ ಕೆಲಸವನ್ನು ಅಕ್ಕನಿಗೆ ಬಿಡಬಾರದು.

ಅಂಗನವಾಡಿಯಲ್ಲಿ

ಮೂರು ತುಂಬಿದ ಮಗುವಿಗೆ ಇದನ್ನೆಲ್ಲ ಅಭ್ಯಾಸ ಮಾಡಲು ಊರಲ್ಲೇ ಒಂದು ಜಾಗವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಇಂದು ಆ ಯೋಜನೆಯ ಅಂಗನವಾಡಿ ಇಲ್ಲದ ಊರು ಅಪರೂಪ. ಅಲ್ಲಿನ ಚೆಂಡು, ಗೊಂಬೆ ಯಾರದ್ದೂ ಅಲ್ಲ, ಹಾಗಾಗಿ ಎಲ್ಲರದ್ದೂ ಹೌದು. 2013ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ. ಸಾಲಾಗಿ ಕೂತು, ಪಕ್ಕದವಳ ಲೋಟ ತುಂಬುವವರೆಗೆ ಕಾದು, ತನ್ನದನ್ನು ಕುಡಿಯುವ ಮಗು ದಿನವೂ ಒಂದು ದೊಡ್ಡ ಪಾಠ ಕಲಿಯುತ್ತಿರುತ್ತದೆ. ಮನೆಯಲ್ಲಿ ಬಾರದ ತಾಳ್ಮೆ ಅಲ್ಲಿ ಹೇಗೆ ಬರುತ್ತದೆ ಎಂದು ತಾಯಂದಿರು ಆಶ್ಚರ್ಯಪಡುವುದುಂಟು. ಅಲ್ಲಿ ನಿಯಮ ಎಲ್ಲರಿಗೂ ಒಂದೇ, ದಿನವೂ ಅದೇ. ಅತ್ತವನಿಗೆ ಎರಡನೇ ಲೋಟ ಇಲ್ಲ.

ಕೈವಾರದ ಕುಂತಿ

ಹಂಚಿಕೆ ಎಂದರೆ ಯಾವಾಗಲೂ ಸಮ ಸಮವೇ? ಈ ಜಿಲ್ಲೆಯವರಿಗೆ ಇದಕ್ಕೆ ಹತ್ತಿರದಲ್ಲೇ ಒಂದು ಉತ್ತರವಿದೆ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರನಗರ ಎಂಬುದು ಇಲ್ಲಿನ ನಂಬಿಕೆ. ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎನ್ನುತ್ತಾರೆ. ಆ ಊರಿನಲ್ಲಿ ಪಾಂಡವರು ಭಿಕ್ಷೆ ಬೇಡಿ ತಂದದ್ದನ್ನು ಕುಂತಿ ಎರಡು ಪಾಲು ಮಾಡುತ್ತಿದ್ದಳು. ಅರ್ಧ ಭೀಮನೊಬ್ಬನಿಗೆ, ಉಳಿದ ಅರ್ಧ ನಾಲ್ವರು ಮಕ್ಕಳಿಗೂ ತನಗೂ.

ಅವಳ ಲೆಕ್ಕ ಹಸಿವಿನದು. ದೊಡ್ಡವನು ಧರ್ಮರಾಯ, ಚಿಕ್ಕವನು ಸಹದೇವ, ಇಬ್ಬರಿಗೂ ಸಿಕ್ಕದ್ದು ಒಂದೇ ಬಗೆ. ವಯಸ್ಸು ನೋಡಿ ಹಂಚದೆ ಅಗತ್ಯ ನೋಡಿ ಹಂಚಿದ್ದಕ್ಕೆ ಯಾರೂ ಮುನಿಸಿಕೊಂಡ ಕಥೆ ಇಲ್ಲ. ಐದಾರು ವರ್ಷ ದಾಟಿದ ಮಕ್ಕಳಿಗೆ ಇದು ಅರ್ಥವಾಗುತ್ತದೆ, ಕಾರಣ ಹೇಳಿದರೆ. ‘ಅವನಿಗೆ ಜ್ವರ ಬಂದು ಬಿಟ್ಟಿದೆ, ಇವತ್ತು ಮೊಟ್ಟೆ ಅವನಿಗೆ’ ಎಂದರೆ ಅಕ್ಕ ಒಪ್ಪುತ್ತಾಳೆ. ‘ಅವನು ಚಿಕ್ಕೋನು’ ಎಂಬುದು ಕಾರಣವೇ ಅಲ್ಲ. ನಾಳೆಯೂ ಅವನು ಚಿಕ್ಕವನೇ, ಇನ್ನು ಹತ್ತು ವರ್ಷ ಬಿಟ್ಟರೂ ಚಿಕ್ಕವನೇ.

ಅಕ್ಕನ ಪಾಲು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಂತೆ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಹಿಂದೆ ಒಂದೇ ಅಂಗಳದಲ್ಲಿ ಏಳೆಂಟು ಮಕ್ಕಳಿದ್ದಾಗ ಯಾರಿಗೆ ಅನ್ಯಾಯವಾಯಿತೆಂದು ಹೇಳಲು ಸಾಕ್ಷಿಗಳಿದ್ದರು, ಪಂಚಾಯಿತಿ ಮಾಡಲು ದೊಡ್ಡಪ್ಪನ ಮಗಳಿದ್ದಳು. ಈಗ ಇರುವುದು ಇಬ್ಬರೇ. ಒಬ್ಬರು ಯಾವಾಗಲೂ ಬಿಟ್ಟುಕೊಡುವವರು, ಇನ್ನೊಬ್ಬರು ಯಾವಾಗಲೂ ಪಡೆಯುವವರು ಎಂದು ಗಟ್ಟಿಯಾಗಿಬಿಡುವುದು ಸುಲಭ. ಬಿಟ್ಟುಕೊಡುವ ಆ ಒಬ್ಬರು ನಮ್ಮ ಮನೆಗಳಲ್ಲಿ ಬಹಳ ಸಲ ಅಕ್ಕ. ಅಣ್ಣ–ತಂಗಿ ಇದ್ದ ಕಡೆ ಕೂಡ ‘ಅವನು ಗಂಡುಹುಡುಗ, ಹಸಿವು ಜಾಸ್ತಿ’ ಎಂಬ ಮಾತು ಬಂದು ತಂಗಿಯ ತಟ್ಟೆ ಹಗುರವಾಗುತ್ತದೆ. ಹಾಗಾಗಿ ಇದು ಬರಿಯ ವಯಸ್ಸಿನ ಮಾತಲ್ಲ.

ಕಡ್ಲೆ ಮಿಠಾಯಿಯ ಚೂರಿನಿಂದ ಹೊರಟ ಈ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನೋಡಲು ಉಪನೋಂದಣಿ ಕಚೇರಿಗೆ ಹೋಗಬೇಕು. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಆ ಹಕ್ಕು ಬಂತು, ಮದುವೆಯಾದವರಿಗೂ. ಹುಟ್ಟಿನಿಂದಲೇ ಬರುವ ಹಕ್ಕದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಕಾನೂನು ಇಷ್ಟು ಸ್ಪಷ್ಟವಿದ್ದರೂ ಎಷ್ಟೋ ಅಕ್ಕಂದಿರು ಅರಿಶಿನ–ಕುಂಕುಮಕ್ಕೆ ಎಂದು ಕೊಟ್ಟದ್ದನ್ನು ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ಪಾಲು ಕೇಳಿದರೆ ತಮ್ಮನ ಮನೆಬಾಗಿಲು ಮುಚ್ಚಿಹೋಗುತ್ತದೆ ಎಂಬ ಭಯ. ಕೇಳುವುದೇ ತಪ್ಪು ಎಂಬ ಅಳುಕು ಅದಕ್ಕಿಂತ ಹಳೆಯದು, ಆರು ವರ್ಷದ ವಯಸ್ಸಿನಿಂದಲೇ ಅಭ್ಯಾಸವಾದದ್ದು.

ಪ್ರೀತಿಯಿಂದ ಬಿಟ್ಟುಕೊಟ್ಟವರೂ ಇದ್ದಾರೆ, ಅವರ ಪ್ರೀತಿ ದೊಡ್ಡದು. ಬೇಡ ಎನ್ನುವ ಅವಕಾಶವಿದ್ದೂ ಕೊಟ್ಟರೆ ಅದು ಪ್ರೀತಿ. ಆ ಅವಕಾಶವನ್ನು ಮಗಳಿಗೆ ಮೊದಲು ಕೊಡಬೇಕಾದವರು ನಾವು, ಅದೂ ಅವಳು ಚಿಕ್ಕವಳಿರುವಾಗಲೇ.

ನಿಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಈ ವಾರ ಸ್ವಲ್ಪ ಗಮನವಿಡಿ. ದೊಡ್ಡವರಿಗೆ ‘ಬಿಟ್ಕೊಡು’ ಎಂದು ಎಷ್ಟು ಸಲ ಹೇಳಿದಿರಿ, ಚಿಕ್ಕವರಿಗೆ ‘ಅಕ್ಕನ್ನ ಕೇಳಿ ತಗೋ’ ಎಂದು ಎಷ್ಟು ಸಲ ಹೇಳಿದಿರಿ ನೋಡಿ. ಎರಡನೆಯದು ಕಡಿಮೆ ಇದ್ದರೆ ಇವತ್ತಿನಿಂದಲೇ ಹೇಳಲು ಶುರುಮಾಡಿ. ಅಕ್ಕ ‘ಇಲ್ಲ, ಈಗ ಕೊಡಲ್ಲ’ ಎಂದರೆ ಆ ಒಂದು ಸಲ ಅವಳ ಪರವಾಗಿ ನಿಲ್ಲಿ.